ಯುದ್ಧದ ನಿರ್ಧಾರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ? ಸೋತ ದಾವೆಗಳು ಕಲಿಸುವ ಪಾಠ

ಸರಕಾರವೊಂದು ದೂರದ ನಾಡಿನ ಯುದ್ಧದಲ್ಲಿ ಕೈಜೋಡಿಸಲು ಹೊರಟಾಗ ಅದನ್ನು ಒಪ್ಪದ ಪ್ರಜೆ ಏನು ಮಾಡಬಲ್ಲ? ಮೆರವಣಿಗೆಯಲ್ಲಿ ನಡೆಯಬಹುದು, ಪತ್ರಿಕೆಗೆ ಬರೆಯಬಹುದು, ಮುಂದಿನ ಚುನಾವಣೆಯಲ್ಲಿ ಪಾಠ ಕಲಿಸಬಹುದು. ನ್ಯಾಯಾಲಯಕ್ಕೂ ಹೋಗಬಹುದೇ? ಬ್ರಿಟನ್, ಜಪಾನ್ ಮತ್ತು ನಮ್ಮ ದೇಶದಲ್ಲಿಯೂ ಶಾಂತಿಯನ್ನು ಬಯಸುವ ಗುಂಪುಗಳು ವಕೀಲರ ನೆರವಿನಿಂದ ಈ ದಾರಿಯನ್ನು ಹಿಡಿದಿವೆ. ತೀರ್ಪಿನ ದಿನ ಸೋತು ಮನೆಗೆ ಮರಳಿವೆ. ಆದರೂ ಆ ಶ್ರಮ ವ್ಯರ್ಥವಾಗಲಿಲ್ಲ ಎಂದು ನಾವು ಭಾವಿಸುತ್ತೇವೆ.

ನಮ್ಮ ಕರಾವಳಿಯವರಿಗೆ ಈ ವಿಷಯ ದೂರದ್ದಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಬೇಕಾಯಿತು. ಅವರಲ್ಲಿ ನಮ್ಮವರೂ ಇದ್ದರು. ಕೊಲ್ಲಿಯಲ್ಲಿ ಯುದ್ಧವೆಂದರೆ ಇಲ್ಲಿನ ಮನೆಗಳಲ್ಲಿ ನಿದ್ದೆಯಿಲ್ಲ.

ಲಂಡನಿನ ದಾವೆ

2002ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1441ನೇ ನಿರ್ಣಯವನ್ನು ಅಂಗೀಕರಿಸಿತು. ನಿಶ್ಶಸ್ತ್ರೀಕರಣಕ್ಕೆ ಸಹಕರಿಸದಿದ್ದರೆ ಗಂಭೀರ ಪರಿಣಾಮ ಎದುರಿಸಬೇಕಾದೀತು ಎಂದು ಅದು ಇರಾಕಿಗೆ ಎಚ್ಚರಿಕೆ ನೀಡಿತ್ತು. ಆ ಎಚ್ಚರಿಕೆಯೇ ಯುದ್ಧಕ್ಕೆ ಅನುಮತಿಯೇ? ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಸಂಘಟನೆ ಸಿಎನ್‌ಡಿ ಈ ಪ್ರಶ್ನೆಯನ್ನು ಹೈಕೋರ್ಟಿಗೆ ಒಯ್ದಿತು. 1958ರಲ್ಲಿ ಆರಂಭವಾದ ಈ ಸಂಘಟನೆಗೆ 1980ರಿಂದ 1985ರವರೆಗೆ ಕ್ಯಾಥೊಲಿಕ್ ಗುರು ಬ್ರೂಸ್ ಕೆಂಟ್ ಪ್ರಧಾನ ಕಾರ್ಯದರ್ಶಿಯಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ದಿಲ್ಲಿಯಲ್ಲಿ ಹುಟ್ಟಿದ ರಬೀಂದರ್ ಸಿಂಗ್ ಸಂಘಟನೆಯ ಪರವಾಗಿ ವಾದಿಸಿದರು. ಯುದ್ಧವನ್ನು ನಿಲ್ಲಿಸಿ ಎಂದು ಅವರ ಕಡೆಯವರು ಕೇಳಲಿಲ್ಲ. ಹೊಸ ನಿರ್ಣಯವಿಲ್ಲದೆ ಯುದ್ಧಕ್ಕೆ ಹೋಗಲು 1441ನೇ ನಿರ್ಣಯ ಅನುಮತಿ ಕೊಡುವುದಿಲ್ಲ ಎಂದು ಘೋಷಿಸಿ ಎಂದಷ್ಟೇ ಕೇಳಿದರು. ದೊಡ್ಡ ಪ್ರಶ್ನೆಯನ್ನು ನ್ಯಾಯಾಧೀಶರು ಉತ್ತರಿಸಬಹುದಾದ ಅಳತೆಗೆ ಇಳಿಸುವುದೇ ಇಂಥ ದಾವೆಯಲ್ಲಿ ವಕೀಲರ ಮುಖ್ಯ ಕೆಲಸ. ಇನ್ನೊಂದು ಕೆಲಸ ಖರ್ಚಿನದು. ಇಂಗ್ಲೆಂಡಿನಲ್ಲಿ ಸೋತವರು ಸಾಮಾನ್ಯವಾಗಿ ಗೆದ್ದವರ ವಕೀಲರ ಖರ್ಚನ್ನೂ ಕೊಡಬೇಕು. ಸೋತರೆ ಸಿಎನ್‌ಡಿ ಸರಕಾರಕ್ಕೆ ತೆರಬೇಕಾದ ಮೊತ್ತ 25,000 ಪೌಂಡ್ ಮೀರಬಾರದೆಂಬ ಆದೇಶವನ್ನು ವಕೀಲರು ಮೊದಲೇ ಪಡೆದಿದ್ದರು.

2002ರ ಡಿಸೆಂಬರ್ 17ರಂದು ಮೂವರು ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು. ದೇಶದೊಳಗಿನ ಕಾನೂನಿನಲ್ಲಿ ನೆಲೆಯಿಲ್ಲದ ಅಂತಾರಾಷ್ಟ್ರೀಯ ನಿರ್ಣಯಕ್ಕೆ ಅರ್ಥ ಹೇಳುವುದು ತಮ್ಮ ಕೆಲಸವಲ್ಲ, ಹೇಳಿದರೆ ದೇಶದ ವಿದೇಶಾಂಗ ಹಿತಕ್ಕೆ ಧಕ್ಕೆಯಾದೀತು ಎಂಬುದು ಅವರ ನಿಲುವು. 2003ರ ಮಾರ್ಚಿನಲ್ಲಿ ಯುದ್ಧ ಆರಂಭವಾಯಿತು. ಇರಾಕಿನಲ್ಲಿ ಬ್ರಿಟನ್ನಿನ ಸೇನಾಪಡೆಗಳ 179 ಮಂದಿ ಸತ್ತರು. ಸತ್ತ ಇರಾಕಿಗಳ ಸಂಖ್ಯೆ ಅದರ ಎಷ್ಟೋ ಪಟ್ಟು.

ಪ್ರಶ್ನೆ ಮಾತ್ರ ಸಾಯಲಿಲ್ಲ. ಇನ್ನೊಂದು ನಿರ್ಣಯ ಪಡೆಯುವುದೇ ಅತ್ಯಂತ ಸುರಕ್ಷಿತ ದಾರಿ ಎಂದು ಸರಕಾರದ ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಯುದ್ಧಕ್ಕೆ ಮುನ್ನ ಪ್ರಧಾನಿಗೆ ಬರೆದಿದ್ದ ಸಲಹೆ 2005ರಲ್ಲಿ ಬೆಳಕಿಗೆ ಬಂತು. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಸ್ವತಂತ್ರ ವಿಚಾರಣೆ ಕೋರಿ ದೇಶದ ಅತ್ಯುನ್ನತ ಪೀಠದವರೆಗೆ ಹೋದರು. 2008ರ ಏಪ್ರಿಲ್‌ನಲ್ಲಿ ಅವರೂ ಸೋತರು. ಆದರೆ ಮರುವರ್ಷ ಸರಕಾರವೇ ನೇಮಿಸಿದ ಚಿಲ್ಕಾಟ್ ಸಮಿತಿ 2016ರ ಜುಲೈ 6ರಂದು ವರದಿ ಕೊಟ್ಟಿತು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮುನ್ನವೇ ಯುದ್ಧಕ್ಕೆ ಹೋಗಲಾಯಿತು, ಯುದ್ಧಕ್ಕೆ ಕಾನೂನಿನ ಆಧಾರವಿದೆ ಎಂದು ತೀರ್ಮಾನಿಸಿದ ರೀತಿ ಸಮಾಧಾನಕರವಾಗಿರಲಿಲ್ಲ ಎಂದು ಅದು ಹೇಳಿತು.

ನಗೋಯಾದ ತೀರ್ಪು

ಜಪಾನಿನ ಸಂವಿಧಾನದ 9ನೇ ವಿಧಿ ಯುದ್ಧವನ್ನೇ ತ್ಯಜಿಸುತ್ತದೆ. ಹೀಗಿದ್ದೂ ಅಲ್ಲಿನ ಸರಕಾರ ಇರಾಕ್ ಯುದ್ಧದ ನೆರವಿಗೆ ತನ್ನ ಪಡೆಗಳನ್ನು ಕಳುಹಿಸಿತು. 2004ರಲ್ಲಿ ನಗೋಯಾ ನಗರದಲ್ಲಿ ಆರಂಭವಾದ ದಾವೆಗೆ ಮೂರು ಸಾವಿರಕ್ಕೂ ಹೆಚ್ಚು ನಾಗರಿಕರು ವಾದಿಗಳಾಗಿ ಸೇರಿದರು. 2008ರ ಏಪ್ರಿಲ್ 17ರಂದು ಹೈಕೋರ್ಟ್ ಅವರಿಗೆ ಪರಿಹಾರವನ್ನಾಗಲಿ ತಡೆಯಾಜ್ಞೆಯನ್ನಾಗಲಿ ಕೊಡಲಿಲ್ಲ. ಆದರೆ ಕುವೈತಿನಿಂದ ಬಾಗ್ದಾದಿಗೆ ಬಹುರಾಷ್ಟ್ರೀಯ ಪಡೆಗಳ ಸೈನಿಕರನ್ನು ವಿಮಾನದಲ್ಲಿ ಸಾಗಿಸಿದ್ದು 9ನೇ ವಿಧಿಯ ಉಲ್ಲಂಘನೆ ಎಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಬರೆಯಿತು. ದಾವೆಯಲ್ಲಿ ಗೆದ್ದದ್ದು ಸರಕಾರವೇ ಆದ್ದರಿಂದ ಅದು ಮೇಲ್ಮನವಿ ಸಲ್ಲಿಸುವಂತಿರಲಿಲ್ಲ. ವಾದಿಗಳೂ ಮೇಲ್ಮನವಿಗೆ ಹೋಗಲಿಲ್ಲ. ಹೀಗೆ ಸೋತವರ ಪರವಾದ ಮಾತು ಕಾಯಂ ಆಗಿ ಉಳಿಯಿತು.

ನಮ್ಮ ದೇಶದಲ್ಲಿ

2003ರಲ್ಲಿ ಅಮೆರಿಕವು ಇರಾಕಿಗೆ ಸೇನೆ ಕಳುಹಿಸುವಂತೆ ಭಾರತವನ್ನೂ ಕೇಳಿತ್ತು. ಸಂಸತ್ತು ಅದೇ ವರ್ಷದ ಏಪ್ರಿಲ್‌ನಲ್ಲಿ ಯುದ್ಧವನ್ನು ಖಂಡಿಸಿತ್ತು. ಜುಲೈ 14ರಂದು ಸರಕಾರ ಸೇನೆ ಕಳುಹಿಸುವುದಿಲ್ಲವೆಂದು ತೀರ್ಮಾನಿಸಿತು. ಸಾರ್ವಜನಿಕ ಚರ್ಚೆ ಮುಕ್ತವಾಗಿ ನಡೆದಾಗ ನ್ಯಾಯಾಲಯದ ಬಾಗಿಲು ತಟ್ಟುವ ಅಗತ್ಯವೇ ಬರಲಿಲ್ಲ.

2024ರಲ್ಲಿ ಹಾಗಾಗಲಿಲ್ಲ. ಗಾಜಾದ ಯುದ್ಧ ನಡೆಯುತ್ತಿದ್ದಾಗ ಇಸ್ರೇಲಿಗೆ ಶಸ್ತ್ರಾಸ್ತ್ರ ರಫ್ತು ಮಾಡುವ ಭಾರತೀಯ ಕಂಪೆನಿಗಳ ಪರವಾನಗಿ ರದ್ದುಮಾಡಬೇಕೆಂದು ನಿವೃತ್ತ ಅಧಿಕಾರಿಗಳು ಮತ್ತು ಸಾಮಾಜಿಕ ಕಾರ್ಯಕರ್ತರು ವಕೀಲ ಪ್ರಶಾಂತ್ ಭೂಷಣ್ ಮೂಲಕ ಸುಪ್ರೀಂ ಕೋರ್ಟಿಗೆ ಹೋದರು. ಅಂತಾರಾಷ್ಟ್ರೀಯ ಶಾಂತಿಗೆ ಶ್ರಮಿಸಬೇಕೆಂದು ಸರಕಾರಕ್ಕೆ ನಿರ್ದೇಶಿಸುವ ಸಂವಿಧಾನದ 51ನೇ ವಿಧಿಯನ್ನೂ ಆಧಾರವಾಗಿ ತೋರಿಸಿದರು. ವಿದೇಶಾಂಗ ವ್ಯವಹಾರ ಸರಕಾರಕ್ಕೆ ಸೇರಿದ್ದು ಎಂದು ನ್ಯಾಯಾಲಯ ಸೆಪ್ಟೆಂಬರ್ 9ರಂದು ಅರ್ಜಿಯನ್ನು ವಜಾಮಾಡಿತು.

ನ್ಯಾಯಾಧೀಶರ ಹಿಂಜರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗುಪ್ತಚರ ಮಾಹಿತಿ ಅವರ ಕೈಯಲ್ಲಿರುವುದಿಲ್ಲ, ಜನ ಅವರನ್ನು ಚುನಾಯಿಸಿದ್ದೂ ಅಲ್ಲ. ನ್ಯಾಯಯುತ ರಕ್ಷಣೆಯ ಷರತ್ತುಗಳನ್ನು ಹೇಳುವ ಕ್ಯಾಥೊಲಿಕ್ ಧರ್ಮಸಭೆಯ ಧರ್ಮೋಪದೇಶವೂ (2309) ಅವುಗಳನ್ನು ತೂಗಿ ನೋಡುವ ಹೊಣೆಯನ್ನು ಸಾರ್ವಜನಿಕ ಹಿತದ ಜವಾಬ್ದಾರಿ ಹೊತ್ತವರಿಗೆ ಒಪ್ಪಿಸುತ್ತದೆ. ಆದರೆ ಹೊಣೆ ಹೊತ್ತವರು ಲೆಕ್ಕ ಕೊಡಬೇಕಲ್ಲವೇ? ಪೋಪ್ ಎರಡನೇ ಜಾನ್ ಪೌಲರು ಇರಾಕ್ ಯುದ್ಧಕ್ಕೆ ಮುನ್ನ ಕಾರ್ಡಿನಲ್ ಪಿಯೊ ಲಾಘಿಯವರನ್ನು ಅಮೆರಿಕದ ಅಧ್ಯಕ್ಷರ ಬಳಿಗೆ ಕಳುಹಿಸಿ ಕೇಳಿಸಿದ್ದೂ ಈ ಲೆಕ್ಕವನ್ನೇ. ಅವರ ಮಾತೂ ಅಂದು ನಡೆಯಲಿಲ್ಲ.

ವಕೀಲರ ಬಗ್ಗೆಯೂ ಒಂದು ಕಹಿ ಸತ್ಯವನ್ನು ಹೇಳಬೇಕು. 2002ರಲ್ಲಿ ಸಿಎನ್‌ಡಿ ದಾವೆಯನ್ನು ನಡೆಸಿದ ಕಚೇರಿಯ ಮುಖ್ಯಸ್ಥ ಫಿಲ್ ಶೈನರ್ ಮುಂದೆ ಬ್ರಿಟಿಷ್ ಸೈನಿಕರ ವಿರುದ್ಧದ ಬೇರೆ ಮೊಕದ್ದಮೆಗಳಲ್ಲಿ ಅಪ್ರಾಮಾಣಿಕವಾಗಿ ನಡೆದುಕೊಂಡರೆಂದು 2017ರಲ್ಲಿ ವಕೀಲಿ ಸನ್ನದು ಕಳೆದುಕೊಂಡರು. 2024ರಲ್ಲಿ ವಂಚನೆಯ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅದರಿಂದ ಸಿಎನ್‌ಡಿ ಕೇಳಿದ ಪ್ರಶ್ನೆ ಸುಳ್ಳಾಗಲಿಲ್ಲ. ಆದರೆ ನಿಜವಾಗಿ ನೊಂದ ಇರಾಕಿಗಳ ಮಾತನ್ನೂ ಜನ ಸಂಶಯದಿಂದ ಕಾಣುವಂತಾಯಿತು. ಶಾಂತಿಗಾಗಿ ದುಡಿಯುವವರ ಕಡತದಲ್ಲಿ ಒಂದು ಸುಳ್ಳೂ ಇರಬಾರದು. ಸಾಮಾಜಿಕ ಕೆಲಸದಲ್ಲಿ ತೊಡಗಿದ ನಮ್ಮೆಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಈ ದಾವೆಗಳಿಂದ ಸಿಕ್ಕಿದ್ದೇನು? ಯುದ್ಧ ನಿಲ್ಲಲಿಲ್ಲ. ಆದರೆ ಮೆರವಣಿಗೆಯ ಘೋಷಣೆಗೆ ಸರಕಾರ ಕಿವಿ ಮುಚ್ಚಿಕೊಳ್ಳಬಹುದು, ನ್ಯಾಯಾಲಯದ ನೋಟೀಸಿಗೆ ಉತ್ತರ ಬರೆಯಲೇಬೇಕು. ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಮುಂದೆ ಸತ್ಯ ಹೊರಬಿದ್ದಾಗ ಎರಡನ್ನೂ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ವಕೀಲರಿದ್ದಾರೆ, ಕಾನೂನು ಓದುತ್ತಿರುವ ಯುವಜನರಿದ್ದಾರೆ. ಶಾಂತಿಗಾಗಿ ಪ್ರಾರ್ಥಿಸುವ ನಾವು ಅವರನ್ನು ಒಂದು ಸಂಜೆ ಕರೆಸಿ, 51ನೇ ವಿಧಿ ಏನು ಹೇಳುತ್ತದೆ, ನಮ್ಮ ದೇಶದ ಶಸ್ತ್ರಾಸ್ತ್ರ ಯಾರಿಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಬಾರದೇಕೆ? ಕೇಳಲು ಅಂಜುವವರಿಗೆ ಉತ್ತರ ಕೊಡುವ ತೊಂದರೆಯನ್ನು ಯಾವ ಸರಕಾರವೂ ತೆಗೆದುಕೊಳ್ಳುವುದಿಲ್ಲ.