ಸ್ಫೂರ್ತಿ ಸಾಕ್ರೀಪಾ, ಸಾಕ್ಷಿ ಬೇಕು

ಮೊನ್ನೆ ಶುಕ್ರವಾರ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಲಿಸ್ಟು ಬಂದು ಬಿತ್ತು. "ಬದುಕನ್ನು ನೋಡುವ ರೀತಿಯನ್ನೇ ಬದಲಿಸುವ 10 ಡಾಕ್ಯುಮೆಂಟರಿಗಳು, ವೀಕೆಂಡಿನಲ್ಲಿ ತಪ್ಪದೇ ನೋಡಿ" ಅಂತ. ಅದರ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಒಬ್ಬರು "ನಾಲ್ಕು ನೋಡಿದೀನಿ, ಲೈಫೇ ಚೇಂಜ್ ಆಯ್ತು" ಅಂದ್ರು. ಇನ್ನೊಬ್ಬರು ಹತ್ತೂ ನೋಡಿದ್ದರಂತೆ. ಹತ್ತು ಸಲ ಬದುಕು ಬದಲಾದ ಆ ಮಹಾನುಭಾವರು ಸೋಮವಾರ ಅದೇ ಕುರ್ಚಿಯಲ್ಲಿ, ಅದೇ ಮುಖ ಮಾಡಿಕೊಂಡು, ಅದೇ ಹಳೇ ಬಗ್ ಸರಿ ಮಾಡ್ತಾ ಕೂತಿದ್ದರು!

ಅವರನ್ನು ಆಡಿಕೊಳ್ಳೋಕೆ ನನಗೇನೂ ಹಕ್ಕಿಲ್ಲ ಬಿಡಿ. ನಾನೂ ಅದೇ ಪೈಕಿ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ಹಾರುತ್ತಿದ್ದ 'ದಿ ಸೀಕ್ರೆಟ್' ನೋಡಿ, ಮನಸ್ಸಿನಲ್ಲಿ ಗಟ್ಟಿಯಾಗಿ ಅಂದುಕೊಂಡರೆ ಬ್ಯಾಕ್‌ಲಾಗ್ ಕ್ಲಿಯರ್ ಆಗುತ್ತೆ ಅಂತ ನಂಬಿದವನು ನಾನು. ಆಗಲಿಲ್ಲ. ಓದಿದ ಮೇಲೆ ಆಯ್ತು.

ಆದರೆ ಈ ಲಿಸ್ಟುಗಳನ್ನು ಕಂಡರೆ ಈಗೀಗ ನನಗೆ ಸಿಟ್ಟು ಬರುತ್ತೆ. ಯಾಕೆ ಅಂತ ಹೇಳೋಕೇ ಈ ಬರಹ. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಏನಂತೀವಿ? ಸಾಕ್ಷ್ಯಚಿತ್ರ. ಎಷ್ಟು ಒಳ್ಳೆ ಪದ ನೋಡಿ. ಸಾಕ್ಷಿ ಹೇಳುವ ಚಿತ್ರ. ಕೋರ್ಟಿನಲ್ಲಿ ಸಾಕ್ಷಿ ಹೇಳೋಕೆ ಬಂದವನು ಜಡ್ಜ್ ಸಾಹೇಬರಿಗೆ ಸ್ಫೂರ್ತಿ ಕೊಡೋಕೆ ಬಂದಿರಲ್ಲ. ಕಂಡಿದ್ದನ್ನು ಹೇಳೋಕೆ ಬಂದಿರ್ತಾನೆ. ಕೇಳಿದವರ ಮೇಲೆ ಆಮೇಲೆ ಒಂದು ಜವಾಬ್ದಾರಿ ಬೀಳುತ್ತೆ. ನಾವು ಮಾಡ್ತಿರೋದೇನಂದ್ರೆ, ಸಾಕ್ಷಿಯ ಮಾತು ಕೇಳಿ, ಕಣ್ಣೊರೆಸಿಕೊಂಡು, "ಅಬ್ಬಾ, ನನ್ನ ಕಷ್ಟ ಏನೂ ಅಲ್ಲ" ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡು ಎದ್ದು ಹೋಗೋದು. ಅವನ ಕೇಸು ಅಲ್ಲೇ ಇರುತ್ತೆ.

ಇದು ನನಗೆ ಗೊತ್ತಾಗಿದ್ದು ನಮ್ಮಜ್ಜಿಯಿಂದ.

ನಮ್ಮೂರು ಹೊಳೆಮಣ್ಣೂರ. ಗದಗ ಜಿಲ್ಲೆ, ರೋಣ ತಾಲ್ಲೂಕು. ಹೆಸರಲ್ಲೇ ಹೊಳೆ ಇದೆ, ಮಲಪ್ರಭಾ. 2009ರಲ್ಲಿ ಹೊಳೆ ಬಂದಾಗ ನಾನು ಏಳನೇ ಕ್ಲಾಸು. 2019ರ ಆಗಸ್ಟಿನಲ್ಲಿ ಮತ್ತೆ ಬಂದಾಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ತಿಂಗಳು. ಎರಡು ದಿನ ಮನೆಯವರ ಫೋನ್ ಹತ್ತಲಿಲ್ಲ. ಮೂರನೇ ದಿನ ಅಪ್ಪ ಸಿಕ್ಕ. "ಎಲ್ಲಾರೂ ಆರಾಮ ಅದೀವಿ. ಹಿಂದಿನ ಗ್ವಾಡಿ ಕುಂತೈತಿ. ಹೆಸರು ಹೋತು." ಇಷ್ಟೇ ಅಂದ. ಹೆಸರು ಅಂದ್ರೆ ಹೆಸರುಕಾಳು, ಕೊಯ್ಲಿಗೆ ಬಂದಿತ್ತು.

ನೀರು ಇಳಿದ ಮೇಲೆ ಕ್ಯಾಮೆರಾ, ಡ್ರೋನು ತಗೊಂಡು ಒಂದಿಷ್ಟು ಹುಡುಗರು ಊರಿಗೆ ಬಂದಿದ್ದರು. ಯಾರು, ಎಲ್ಲಿಯವರು ಅನ್ನೋದು ಇಲ್ಲಿ ಬೇಡ. ಕೆಟ್ಟವರೇನಲ್ಲ, ಒಳ್ಳೆ ಹುಡುಗರೇ. ನಮ್ಮಜ್ಜಿಯನ್ನು ಎರಡು ತಾಸು ಮಾತಾಡಿಸಿದರು. ಮುಂದೆ ಹನ್ನೆರಡು ನಿಮಿಷದ ಚಿತ್ರ ಬಂತು. ರಾಡಿ ತುಂಬಿದ ಅಂಗಳ, ಮೂರು ಕಲ್ಲಿನ ಒಲೆ, ಒಲೆ ಮುಂದೆ ನಮ್ಮಜ್ಜಿ. ರೊಟ್ಟಿ ಬಡಿದು ಕ್ಯಾಮೆರಾ ಹಿಡಿದ ಹುಡುಗನ ಕಡೆ ಕೈ ಚಾಚುತ್ತಾಳೆ, ನಗುತ್ತಾಳೆ. ಹಿಂದೆ ಕೊಳಲು. ಕೊನೆಗೆ ಪರದೆ ಮೇಲೆ ಅಕ್ಷರ ಮೂಡುತ್ತೆ, ಹೊಳೆ ಎಲ್ಲವನ್ನೂ ಒಯ್ದರೂ ನಗುವನ್ನು ಒಯ್ಯಲಿಲ್ಲ ಅನ್ನೋ ಅರ್ಥದ್ದು.

ನಾನೇನು ಮಾಡಿದೆ ಗೊತ್ತಾ? ಹೆಮ್ಮೆಯಿಂದ ಎಲ್ಲರಿಗೂ ಕಳಿಸಿದೆ! "ನಮ್ಮಜ್ಜಿ!!!" ಅಂತ ಮೂರು ಆಶ್ಚರ್ಯಸೂಚಕ ಹಾಕಿ. ಲೈಕುಗಳೇ ಲೈಕುಗಳು. ಟೀಮಿನ ಗೆಳೆಯ ಒಬ್ಬ ಊಟದ ಹೊತ್ತಿಗೆ ಬಂದು ಹೆಗಲ ಮೇಲೆ ಕೈ ಹಾಕಿ, "ಮಗಾ, ನಿಮ್ಮಜ್ಜಿ ನೋಡಿದ ಮೇಲೆ ಅಪ್ರೈಸಲ್ ಬಗ್ಗೆ ಬೇಜಾರೇ ಹೋಯ್ತು ಕಣೋ" ಅಂದ. ನನಗೆ ಆವತ್ತು ಅದೂ ಖುಷಿಯೇ ಆಯ್ತು. ಒಂದು ಮನೆಯ ಗೋಡೆ ಬಿದ್ದಿದ್ದರಿಂದ ಇನ್ನೊಬ್ಬನ ಅಪ್ರೈಸಲ್ ಬೇಜಾರು ಹೋಗಿತ್ತು. ಇದಕ್ಕಿಂತ ವಿಚಿತ್ರ ವ್ಯಾಪಾರ ಇದೆಯಾ ಹೇಳಿ?

ದೀಪಾವಳಿಗೆ ಊರಿಗೆ ಹೋದಾಗ ಫೋನಿನಲ್ಲಿ ಅಜ್ಜಿಗೆ ಚಿತ್ರ ತೋರಿಸಿದೆ. ಪೂರ್ತಿ ನೋಡಿದಳು. ಅಳಲಿಲ್ಲ, ನಗಲೂ ಇಲ್ಲ.

"ಮುಗೀತೇನ?" ಅಂದಳು.

"ಹೂಂ ಅಜ್ಜಿ."

"ಹೊಳಿ ಅಂಗಳದಾಗ ಜಾಲಿ ಬೆಳದೈತಿ, ಆಜೂಬಾಜೂ ಒತ್ತಿಕೊಂಡು ಬಿತ್ಯಾರ, ನೀರಿಗೆ ಹಾದೀನ ಇಲ್ಲ ಅಂತ ಅಷ್ಟೊತ್ತು ಹೇಳೀನಲ್ಲ, ಅದು ಎಲ್ಲೈತಿ? ಮನಿ ಅಳ್ಯಾಕ ಬಂದವರು ಒಂದ ಗ್ವಾಡಿ ಬಿದ್ದೈತಿ ಅಂತ ಸಿ ಅಂತ ಬರಕೊಂಡು ಹೋದ್ರು ಅಂದೀನಿ, ಅದು ಎಲ್ಲೈತಿ?"

ನಾನು ಸುಮ್ಮನಿದ್ದೆ. ಅವಳೇ ಮುಂದುವರಿಸಿದಳು. "ಹುಡುಗ್ರು ಹಸದು ಬಂದಿದ್ವು, ರೊಟ್ಟಿ ಕೊಟ್ಟೆ. ಮನಿಗೆ ಬಂದವ್ರಿಗೆ ರೊಟ್ಟಿ ಕೊಡಾಕ ಧೈರ್ಯ ಬೇಕೇನೋ ತಮ್ಮಾ?"

ಅಲ್ಲಿಗೆ ಮುಗೀತು. ಎರಡು ತಾಸಿನ ಸಾಕ್ಷಿಯಲ್ಲಿ ಸಾಕ್ಷಿಯನ್ನೇ ಕತ್ತರಿಸಿ ಒಗೆದು ರೊಟ್ಟಿ ಮಾತ್ರ ಉಳಿಸಿಕೊಂಡಿದ್ದರು. ಅದನ್ನು ಊರಿಗೆಲ್ಲ ಹಂಚಿದವನು ನಾನು.

ಕತ್ತರಿಸಿ ಒಗೆದಿದ್ದೇನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಮಲಪ್ರಭಾ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಗೆ ಸೇರೋದು ಕೂಡಲಸಂಗಮದಲ್ಲಿ. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು, ಸುಮಾರು 37 ಟಿಎಂಸಿ ಹಿಡಿಯುತ್ತೆ. ಅದು ಪೂರ್ತಿ ತುಂಬೋ ವರ್ಷಗಳು ಕಡಿಮೆ. ಹೀಗಾಗಿ ವರ್ಷಾನುಗಟ್ಟಲೆ ಕೆಳಗಿನ ಹೊಳೆ ಒಣಗಿ ನಿಲ್ಲುತ್ತೆ. ಒಣಗಿದ ಹೊಳೆಯಲ್ಲಿ ಜಾಲಿ ಬೆಳೆಯುತ್ತೆ, ಮರಳು ಹೋಗುತ್ತೆ, ದಂಡೆ ಹೊಲ ಆಗುತ್ತೆ. ಹೊಳೆ ಹಳ್ಳದಷ್ಟಾಗುತ್ತೆ. ಆಮೇಲೆ ಒಂದು ವರ್ಷ ಘಟ್ಟದಲ್ಲಿ ಜೋರು ಮಳೆ ಆಗಿ ಅಣೆಕಟ್ಟು ತುಂಬುತ್ತೆ, ಗೇಟು ಎತ್ತುತ್ತಾರೆ. ಇತ್ತ ಬೆಣ್ಣೆಹಳ್ಳವೂ ತುಂಬಿ ಬರುತ್ತೆ. ಅಷ್ಟೂ ನೀರು ಆ ಹಳ್ಳದಷ್ಟಾದ ಹೊಳೆಯಲ್ಲಿ ಹೋಗಬೇಕು. ಎಲ್ಲಿ ಹೋಗುತ್ತೆ? ನಮ್ಮ ಓಣಿಗೆ ಬರುತ್ತೆ.

ಕುಡಿಯೋಕೆ ನೀರಿಲ್ಲ ಅಂತ ಮಹದಾಯಿಗಾಗಿ ನರಗುಂದದಲ್ಲಿ 2015ರ ಜುಲೈನಿಂದ ವರ್ಷಗಟ್ಟಲೆ ಧರಣಿ ಕೂತವರೂ ಈ ಹೊಳೆಯವರೇ, 2019ರಲ್ಲಿ ಮನೆ ಕಳಕೊಂಡವರೂ ಈ ಹೊಳೆಯವರೇ. ಇದು ಬರೀ ಪ್ರಕೃತಿ ವಿಕೋಪ ಅಲ್ಲ. ಗೇಟು, ಒತ್ತುವರಿ, ಎ ಬಿ ಸಿ ಅನ್ನೋ ಕೆಟಗರಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅನ್ನೋ ಆದೇಶ, ಯಾವುದು ಪೂರ್ತಿ ಬಿದ್ದಿದ್ದು ಅಂತ ಅಳೆಯುವ ಟೇಪು... ಇವೆಲ್ಲ ಮನುಷ್ಯರು ಮಾಡಿದ್ದು. ಮನುಷ್ಯರು ಮಾಡಿದ್ದಕ್ಕೆ ಪ್ರಶ್ನೆ ಕೇಳಬಹುದು. ಕೊಳಲು ಬಾರಿಸಿದರೆ ಪ್ರಶ್ನೆ ಮುಚ್ಚಿ ಹೋಗುತ್ತೆ.

ಬದುಕು ಬದಲಿಸಿದ ಡಾಕ್ಯುಮೆಂಟರಿ ಇಲ್ಲವೇ ಇಲ್ಲ ಅಂತಲ್ಲ. ಒಂದು ಹೇಳ್ತೀನಿ. ಎರೋಲ್ ಮಾರಿಸ್ ಅನ್ನೋರ 'ದಿ ಥಿನ್ ಬ್ಲೂ ಲೈನ್', 1988. ಅಮೆರಿಕದ ಡಲ್ಲಾಸಿನಲ್ಲಿ 1976ರಲ್ಲಿ ಒಬ್ಬ ಪೊಲೀಸಿನವನ ಕೊಲೆ ಆಗುತ್ತೆ. ರ್‍ಯಾಂಡಲ್ ಆಡಮ್ಸ್ ಅನ್ನೋನಿಗೆ ಮೊದಲು ಮರಣದಂಡನೆ, ಆಮೇಲೆ ಜೀವಾವಧಿ. ಮಾರಿಸ್ ಒಬ್ಬೊಬ್ಬ ಸಾಕ್ಷಿಯನ್ನೂ ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸ್ತಾರೆ. ಸಾಕ್ಷಿಗಳ ಮಾತಿನಲ್ಲೇ ಸುಳ್ಳು ಬಿಚ್ಚಿಕೊಳ್ಳುತ್ತೆ. 1989ರಲ್ಲಿ ಆಡಮ್ಸ್ ಜೈಲಿನಿಂದ ಹೊರಗೆ ಬಂದ. ಹನ್ನೆರಡು ವರ್ಷದ ಮೇಲೆ! ಗಮನಿಸಿ, ಅಲ್ಲಿ ಬದಲಾಗಿದ್ದು ಸೋಫಾ ಮೇಲೆ ಕೂತು ನೋಡಿದವನ ಬದುಕಲ್ಲ. ಚಿತ್ರದೊಳಗಿದ್ದವನ ಬದುಕು.

ಇನ್ನೊಂದು ನಮ್ಮಲ್ಲೇ ಇದೆ. ಕೇಸರಿ ಹರವೂ ಅವರು ದೆಹಲಿ ಗಡಿಯ ರೈತ ಹೋರಾಟದ ಮೇಲೆ 'ಕಿಸಾನ್ ಸತ್ಯಾಗ್ರಹ' ಮಾಡಿದರು. 2024ರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸೋಕೆ ಕೇಂದ್ರ ಸರ್ಕಾರದ ಅನುಮತಿ ಸಿಗಲಿಲ್ಲ. ಸರಿಯೋ ತಪ್ಪೋ, ಆ ಚರ್ಚೆ ಬೇರೆ. ನಾನು ಹೇಳೋದು ಇಷ್ಟೇ: ಸಾಕ್ಷಿಗೆ ಯಾರಾದರೂ ಹೆದರ್ತಾರೆ, ಅದಕ್ಕೇ ತಡೀತಾರೆ. ರೊಟ್ಟಿ, ಕೊಳಲಿನ ಚಿತ್ರವನ್ನು ಯಾರು ತಡೀತಾರೆ? ಎಲ್ಲರೂ ಕೈಮುಗಿದು ಫಾರ್ವರ್ಡ್ ಮಾಡ್ತಾರೆ.

ಈಗ ನೀವು ಕೇಳಬಹುದು, ಸ್ಫೂರ್ತಿ ಅಂದ್ರೆ ಅಷ್ಟು ಕೆಟ್ಟದ್ದೇನ್ರೀ ಅಂತ. ಸೋತು ಕೂತವನಿಗೆ ಎದ್ದು ನಿಲ್ಲೋಕೆ ಒಂದು ಚಿತ್ರ ಸಹಾಯ ಮಾಡಿದರೆ ನಿಮಗೇನು ಹೊಟ್ಟೆಕಿಚ್ಚು ಅಂತ. ನ್ಯಾಯವಾದ ಪ್ರಶ್ನೆ. ನನಗೂ ಕಷ್ಟದ ದಿನಗಳಲ್ಲಿ ಚಿತ್ರಗಳು ಆಸರೆ ಆಗಿವೆ. ಆದರೆ ಸ್ಫೂರ್ತಿಯೂ ಎರಡು ಥರ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ತಗೊಳ್ಳಿ. ಪುಟ್ಟರಾಜ ಗವಾಯಿಗಳನ್ನು (1914-2010) "ಕಣ್ಣಿಲ್ಲದಿದ್ದರೂ ಎಂಥ ಸಾಧನೆ" ಅಂತ ಹೊಗಳೋದು ಸುಲಭ, ಎರಡು ನಿಮಿಷದ ವಿಡಿಯೋ ಸಾಕು. ಅವರು ಮತ್ತು ಅವರ ಗುರು ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು ಒಂದು ವ್ಯವಸ್ಥೆ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ, ದುಡ್ಡಿಲ್ಲದೆ. ದಿನಾ ಅಷ್ಟು ಜನಕ್ಕೆ ರೊಟ್ಟಿ ಎಲ್ಲಿಂದ ಬರುತ್ತೆ? ಕಣ್ಣಿಲ್ಲದ ಹುಡುಗನಿಗೆ ತಬಲಾ ಮೇಲೆ ಬೆರಳು ಇಡೋದನ್ನು ಹೇಗೆ ಕಲಿಸ್ತಾರೆ? ಅದನ್ನು ತೋರಿಸುವ ಚಿತ್ರ ನನಗೆ ಬೇಕು. ಅದನ್ನು ನೋಡಿದವನು ಕಣ್ಣೊರೆಸಿಕೊಂಡು ಸುಮ್ಮನಾಗಲ್ಲ, ಏನೋ ಒಂದು ಕಲಿತು ಏಳ್ತಾನೆ.

ಇನ್ನು ಒಳ್ಳೆ ಚಿತ್ರ ಬಂದಾಗಲೂ ನಾವು ನೋಡುವ ರೀತಿ ಇದೆಯಲ್ಲ, ಅದೂ ಹೀಗೇ. 2020ರ ಜನವರಿಯಲ್ಲಿ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂತು. ಡೇವಿಡ್ ಅಟೆನ್‌ಬರೋ ದನಿ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮುಂದೆ ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ ಕೊಟ್ಟರು. ಮಾಡಿದವರು ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ, ಇಬ್ಬರೂ ಮೊದಲು ಸಾಫ್ಟ್‌ವೇರಿನವರೇ. ನಾವು ಎಂಟು ಜನ ಹೋಗಿದ್ವಿ. ಹೊರಗೆ ಬಂದು ಕಾಫಿ ಕುಡಿಯುವಾಗ ನಡೆದ ಚರ್ಚೆ ಏನು ಅಂತೀರಿ? ಕಾಡಲ್ಲ, ಪ್ರಾಣಿಯಲ್ಲ, ಹೊಳೆಯಲ್ಲ. "ನಾವೂ ಕೆಲಸ ಬಿಟ್ಟು ಕ್ಯಾಮೆರಾ ತಗೋಬೇಕು ಮಗಾ!" ಯಾರೂ ಬಿಡಲಿಲ್ಲ ಅನ್ನಿ. ಇಎಂಐ ಇತ್ತು. ಆದರೆ ಅಷ್ಟು ದೊಡ್ಡ ಕಾಡು ತೋರಿಸಿದರೂ ಅದರಲ್ಲಿ ನಾವು ಕಂಡಿದ್ದು ನಮ್ಮ ಮುಖವನ್ನೇ.

ನನಗೊಂದು ಆಸೆ ಇದೆ. 1980ರ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಏನಾಯ್ತು ಅಂತ ಪೂರ್ತಿ ಹೇಳುವ ಎರಡು ತಾಸಿನ ಸಾಕ್ಷ್ಯಚಿತ್ರ ನೋಡಬೇಕು. ಇದೇ ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ರೈತರ ಮನೆಗೆ ಕರ ಬಂದಿತ್ತು. ಕೇಳೋಕೆ ಹೋದವರ ಮೇಲೆ ಗೋಲಿಬಾರ್ ಆಯ್ತು, ರೈತರು ಸತ್ತರು. ಪ್ರತಿ ವರ್ಷ ಆ ದಿನ ಹುತಾತ್ಮ ದಿನ ಆಚರಿಸ್ತಾರೆ. ಅವತ್ತು ಬೀದಿಯಲ್ಲಿದ್ದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಸಾಕ್ಷಿಗಳು ಒಬ್ಬೊಬ್ಬರೇ ಹೋಗ್ತಿದ್ದಾರೆ. ನಮ್ಮ ಹತ್ರ ಫೋರ್ ಕೆ ಕ್ಯಾಮೆರಾ ಇರುವ ಫೋನುಗಳಿವೆ, ಅದರಲ್ಲಿ ಊಟದ ತಟ್ಟೆ ತೆಗೀತಿದ್ದೀವಿ.

ಹಾಗಾಗಿ ಗೆಳೆಯರೇ, ಇನ್ನು ಮುಂದೆ ಅಂಥ ಲಿಸ್ಟು ಬಂದರೆ, ನೋಡಬೇಡಿ ಅನ್ನಲ್ಲ. ನೋಡಿ. ಮುಗಿದ ಮೇಲೆ ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮನುಷ್ಯನಿಗೆ ಹೀಗೆ ಯಾಕಾಯ್ತು ಅಂತ ಚಿತ್ರ ನನಗೆ ಹೇಳ್ತಾ? ಹೇಳದಿದ್ದರೆ ನೀವು ನೋಡಿದ್ದು ಸಾಕ್ಷ್ಯಚಿತ್ರ ಅಲ್ಲ, ಟಾನಿಕ್ಕಿನ ಜಾಹೀರಾತು.

ಹಿಂದಿನ ಗೋಡೆಯನ್ನು ಅಪ್ಪ ಸಿಮೆಂಟ್ ಇಟ್ಟಿಗೆಯಲ್ಲಿ ಎತ್ತಿಸಿದ್ದಾನೆ, ನನ್ನ ಮೊದಲ ವರ್ಷದ ಉಳಿತಾಯ ಅದಕ್ಕೇ ಹೋಯ್ತು. ಹೊಳೆಯ ಜಾಲಿ ಹಾಗೇ ಇದೆ. ಕಳೆದ ಸಲ ಊರಿಗೆ ಹೋದಾಗ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅಜ್ಜಿಯನ್ನು ಕೂರಿಸಿ, "ಈಗ ಹೇಳು" ಅಂದೆ. ಒಂದು ತಾಸು ಹತ್ತು ನಿಮಿಷ ಹೇಳಿದಳು. ಕತ್ತರಿಸಿಲ್ಲ, ಕೊಳಲೂ ಹಾಕಿಲ್ಲ. ಪೂರ್ತಿ ನೋಡುವ ತಾಳ್ಮೆ ಇದ್ದವರು ಹೇಳಿ, ಕಳಿಸ್ತೀನಿ. ಸ್ಫೂರ್ತಿ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಬೈಯೋದಿದ್ದರೆ ಬೈಯಿರಿ, ಕೇಳಿಸಿಕೊಳ್ತೀನಿ.