ಮೀಟಿಂಗ್ ಅವರಿಗೆ, ಉಪ್ಪಿಟ್ಟು ನಮಗಾ?

ನಿಮ್ಮ ಬಡಾವಣೆಯ ನಿವಾಸಿಗಳ ಸಂಘದ ವಾರ್ಷಿಕ ಸಭೆ ನೋಟಿಸ್ ಬಂದಾಗ ನೀವೇನು ಮಾಡ್ತೀರಿ? ‘ರೀ, ನಿಮ್ಮ ಸಂಘದ ನೋಟಿಸ್ ಬಂದಿದೆ’ ಅಂತ ಯಜಮಾನರ ಕೈಗೆ ಕೊಟ್ಟು ಒಗ್ಗರಣೆ ಕಡೆ ತಿರುಗ್ತೀರಿ, ಅಲ್ವಾ? ಈಗ ವಾಟ್ಸ್‌ಆ್ಯಪ್‌ನಲ್ಲೇ ಬಂದರೂ ಕಥೆ ಅದೇ. ನೋಡಿದ ತಕ್ಷಣ ಅವರಿಗೆ ಫಾರ್ವರ್ಡ್! ‘ನಿಮ್ಮ ಸಂಘ’ ಅನ್ನೋ ಮಾತಲ್ಲೇ ಇದೆ ನೋಡಿ ಎಡವಟ್ಟು. ಅದು ಅವರ ಸಂಘ ಆಗಿದ್ದು ಯಾವಾಗ?

ಆ ನೋಟಿಸ್‌ನ ಒಮ್ಮೆ ಪೂರ್ತಿ ಓದಿ. ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಆಯ್ಕೆ, ಮುಂದಿನ ವರ್ಷದ ಕಾರ್ಯಕ್ರಮಗಳು, ಕೊನೆಗೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’. ಈ ‘ಇತರ ವಿಷಯ’ದಲ್ಲೇ ನಮ್ಮ ದಿನದ ಬದುಕೆಲ್ಲ ಅಡಗಿರುತ್ತೆ. ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರಬೇಕು, ಕಸದ ಗಾಡಿ ಯಾವ ಮೂಲೆಯಲ್ಲಿ ನಿಲ್ಲಬೇಕು, ಪಾರ್ಕಿನ ಗೇಟ್ ಎಷ್ಟು ಗಂಟೆಗೆ ಮುಚ್ಚಬೇಕು, ಹಿಂದಿನ ರಸ್ತೆಯ ಕೆಟ್ಟ ಲೈಟ್ ಯಾರು ಸರಿ ಮಾಡಿಸಬೇಕು... ಟ್ಯಾಂಕರ್‌ಗೆ ಕಾಯೋರು ಯಾರು? ಟ್ಯೂಷನ್ನಿಂದ ಮಗಳು ಕತ್ತಲಲ್ಲಿ ಬರುವಾಗ ಗೇಟಿನ ಹತ್ತಿರ ನಿಂತು ಚಡಪಡಿಸೋರು ಯಾರು? ಅನುಭವಿಸೋರು ನಾವು, ತೀರ್ಮಾನ ಮಾಡೋರು ಅವರು!

ಸಭೆ ಇರೋದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನಮಗೆ ಅಡುಗೆಮನೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತು. ಆದರೂ ‘ಸಭೆಯ ನಂತರ ಲಘು ಉಪಾಹಾರ’ ಅಂತ ಇದ್ದರೆ ಆ ಉಪ್ಪಿಟ್ಟು ಕೇಸರಿಬಾತ್ ಉಸ್ತುವಾರಿ ಮಾತ್ರ ತಪ್ಪದೇ ಮಹಿಳಾ ಸದಸ್ಯರಿಗೆ.

‘ಅಯ್ಯೋ, ನಾನೊಬ್ಬಳು ಹೋಗಿ ಕೈ ಎತ್ತಿದರೆ ಏನಾಗುತ್ತೆ ಬಿಡಿ’ ಅನ್ನೋರು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಕಥೆ ಕೇಳಬೇಕು. 2004ರ ವಿಧಾನಸಭಾ ಚುನಾವಣೆ. ಆಗ ಸಂತೆಮರಹಳ್ಳಿ ಒಂದು ಕ್ಷೇತ್ರವಾಗಿತ್ತು. 2008ರ ಪುನರ್ವಿಂಗಡಣೆ ನಂತರ ಆ ಹೆಸರಿನ ಕ್ಷೇತ್ರ ಇಲ್ಲ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದ ಮತ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ವ್ಯತ್ಯಾಸ ಬರೀ ಒಂದು! ಸೋತವರ ಕಾರಿನ ಚಾಲಕನಿಗೇ ಅವತ್ತು ವೋಟು ಹಾಕಲು ಬಿಡುವಾಗಲಿಲ್ಲ ಅನ್ನೋ ಮಾತು ಆ ಕಡೆ ಇವತ್ತಿಗೂ ಓಡಾಡ್ತಿದೆ. ಗೆದ್ದ ಧ್ರುವನಾರಾಯಣ ಮುಂದೆ ಚಾಮರಾಜನಗರದ ಸಂಸದರೂ ಆದರು, 2023ರಲ್ಲಿ ತೀರಿಕೊಂಡರು. ಅದೇ ವರ್ಷ ಕೃಷ್ಣಮೂರ್ತಿ ಕೊಳ್ಳೇಗಾಲದಿಂದ ಗೆದ್ದು ಶಾಸಕರಾದರು. ಅಂದರೆ ನಡುವೆ ಹತ್ತೊಂಬತ್ತು ವರ್ಷ!

ಇದೇನು ಎಲ್ಲೋ ಒಂದು ಕಡೆ ಆದ ಪವಾಡ ಅಂದ್ಕೋಬೇಡಿ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಅವರೂ ಒಂದೇ ಮತದಿಂದ ಸೋತರು. ಅವರ ಮನೆಯವರೇ ವೋಟು ಹಾಕಲು ಹೋಗಿರಲಿಲ್ಲ ಅಂತ ಆಗ ಊರೆಲ್ಲ ಮಾತಾಡಿಕೊಂಡಿತು. ಮನೆಯವರು ಅಂದ್ರೆ ಯಾರು? ನಮ್ಮ ನಿಮ್ಮಂಥವರೇ!

ಈಗ ಲೆಕ್ಕ ಹಾಕಿ. ಸಂತೆಮರಹಳ್ಳಿಯಲ್ಲಿ ಇಬ್ಬರಿಗೂ ಸೇರಿ ಬಿದ್ದಿದ್ದು ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಮತ. ಅಷ್ಟರ ನಡುವೆಯೇ ಒಂದು ಮತಕ್ಕೆ ಆ ಬೆಲೆ ಬಂತು. ನಿಮ್ಮ ಸಂಘದ ಸಭೆಗೆ ಬರೋರು ಎಷ್ಟು ಜನ? ಮೂವತ್ತು? ನಲವತ್ತು? ಅಲ್ಲಿ ಐದಾರು ಗೃಹಿಣಿಯರು ಒಟ್ಟಿಗೆ ಕೈ ಎತ್ತಿದರೆ ತಕ್ಕಡಿ ಯಾವ ಕಡೆ ವಾಲುತ್ತೆ, ನೀವೇ ಹೇಳಿ.

ಇನ್ನೊಂದು ಮಾತು. ಹಳ್ಳಿ ಹೆಂಗಸರಿಗಿಂತ ನಾವು ಸಿಟಿಯವರು ಮುಂದು ಅನ್ನೋ ಹಮ್ಮು ನಮಗೆ ಸ್ವಲ್ಪ ಇದ್ದೇ ಇದೆ. ಆದರೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೇ ಮೀಸಲು. ಅಲ್ಲಿ ಮಹಿಳೆಯರದ್ದೇ ಪ್ರತ್ಯೇಕ ಗ್ರಾಮಸಭೆ ನಡೆಸೋ ಪದ್ಧತಿಯೂ ಇದೆ. ನಮ್ಮ ಬಡಾವಣೆ ಸಂಘದಲ್ಲಿ? ಒಬ್ಬರು ‘ಸಾಂಸ್ಕೃತಿಕ ಕಾರ್ಯದರ್ಶಿ’ ಇದ್ದರೆ ಹೆಚ್ಚು. ಅವರ ಕೆಲಸವೂ ಗಣೇಶನ ಹಬ್ಬಕ್ಕೆ ರಂಗೋಲಿ ಸ್ಪರ್ಧೆ, ರಾಜ್ಯೋತ್ಸವಕ್ಕೆ ಮಕ್ಕಳ ಡ್ಯಾನ್ಸ್, ಸಂಕ್ರಾಂತಿಗೆ ಎಳ್ಳು ಬೀರೋದು. ಇವೆಲ್ಲ ಬೇಕು, ಸಂತೋಷವೇ. ಆದರೆ ಪೆಂಡಾಲ್‌ಗೆ ಎಷ್ಟು, ಆರ್ಕೆಸ್ಟ್ರಾಗೆ ಎಷ್ಟು, ಬೀದಿ ದೀಪಕ್ಕೆ ಎಷ್ಟು ಅಂತ ದುಡ್ಡಿನ ಮಾತು ಬಂದಾಗಲೂ ನಾವು ಅಲ್ಲಿರಬೇಕು. ತಿಂಗಳ ಸಂಬಳವನ್ನ ಮೂವತ್ತು ದಿನಕ್ಕೆ ಹೊಂದಿಸೋ ನಮಗೆ ಸಂಘದ ಜಮಾಖರ್ಚು ಬ್ರಹ್ಮವಿದ್ಯೆಯೇ?

ಹಾಗಾದರೆ ಏನು ಮಾಡಬೇಕು?

ಮೊದಲು ಸಂಘದ ಬೈಲಾ ಕೇಳಿ ಪಡೆಯಿರಿ. ಸದಸ್ಯರು ಯಾರು, ಮನೆಗೆ ಒಂದು ಮತವೋ ಇಬ್ಬರ ಹೆಸರಲ್ಲಿ ಮನೆ ಇದ್ದರೆ ಹೇಗೆ, ಬಾಡಿಗೆದಾರರಿಗೆ ಹಕ್ಕಿದೆಯೇ, ಎಲ್ಲ ಅದರಲ್ಲೇ ಇರುತ್ತೆ. ಸಂಘದಿಂದ ಸಂಘಕ್ಕೆ ನಿಯಮ ಬೇರೆ. ಆದ್ದರಿಂದ ಪಕ್ಕದ ಬೀದಿಯವರ ಮಾತು ನಂಬಿ ಕೂರಬೇಡಿ.

ಮನೆಪತ್ರದಲ್ಲಿ ನಿಮ್ಮ ಹೆಸರಿದ್ದರೆ ಸದಸ್ಯರ ಪುಸ್ತಕದಲ್ಲೂ ಇದೆಯಾ ನೋಡಿ. ಯಜಮಾನರ ಹೆಸರು ಮಾತ್ರ ಇದ್ದರೆ, ಅವರ ಬದಲು ನೀವು ಹೋಗಲು ಬೈಲಾ ಒಪ್ಪುತ್ತಾ ಕೇಳಿ. ಒಪ್ಪಿದರೆ ಒಂದು ಚೀಟಿಗೆ ಸಹಿ ಹಾಕಿಸಿಕೊಂಡು ಹೋದರಾಯ್ತು. ಒಪ್ಪದಿದ್ದರೆ ಬೈಲಾ ತಿದ್ದಿ ಅಂತ ಬರೆದುಕೊಡಿ.

ಸಭೆಯ ಹೊತ್ತು ಬದಲಾಯಿಸಿ ಅಂತ ಕೇಳಿ. ಸಂಜೆ ನಾಲ್ಕಕ್ಕೆ ಇಟ್ಟರೆ ಯಾರ ಗಂಟೇನೂ ಹೋಗಲ್ಲ. ಉಪಾಹಾರ ಹೋಟೆಲಿಂದ ಬರಲಿ, ಇಲ್ಲ ಎಲ್ಲರೂ ಸೇರಿ ಬಡಿಸಲಿ.

ಒಬ್ಬರೇ ಹೋಗಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಮೊದಲೇ ಕೂತು ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಹತ್ತು ದೂರು ಹೇಳಿದರೆ ‘ಹೆಂಗಸರ ಗೊಣಗಾಟ’ ಆಗುತ್ತೆ. ಒಂದೇ ಬೇಡಿಕೆಯನ್ನ ನೋಟಿಸ್ ಬಂದ ಕೂಡಲೇ ಬರವಣಿಗೆಯಲ್ಲಿ ಕೊಟ್ಟರೆ ಅದು ಸಭೆಯ ವಿಷಯ ಆಗುತ್ತೆ. ತೀರ್ಮಾನ ಆದ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ನೋಡಿಯೇ ಏಳಿ. ಬಾಯಿಮಾತು ಮನೆ ಬಾಗಿಲಿಗೆ ಬರೋ ಹೊತ್ತಿಗೆ ಮರೆತೇ ಹೋಗಿರುತ್ತೆ.

ಇದು ಗಂಡಸರ ಮೇಲೆ ಯುದ್ಧ ಅಲ್ಲ. ಎಷ್ಟೋ ಕಡೆ ಅವರೇ ತಮ್ಮ ಕೆಲಸ ಬಿಟ್ಟು ಕಾರ್ಪೊರೇಷನ್ನಿಗೆ ಅಲೆದು ರಸ್ತೆ, ಚರಂಡಿ ಮಾಡಿಸಿದ್ದಾರೆ. ಆ ಋಣ ಇದೆ. ಆದರೆ ಹಗಲಿಡೀ ಬಡಾವಣೆಯಲ್ಲಿ ಇರೋರು ನಾವು. ಯಾವ ಮೋರಿ ಯಾವಾಗ ಕಟ್ಟಿಕೊಳ್ಳುತ್ತೆ, ಯಾವ ಮನೆಯ ಅಜ್ಜಿ ಒಬ್ಬರೇ ಇದ್ದಾರೆ, ಮಧ್ಯಾಹ್ನದ ಹೊತ್ತು ಯಾರು ಸುಮ್ಮನೆ ಸುತ್ತಾಡ್ತಾರೆ ಅನ್ನೋದು ನಮಗೆ ಗೊತ್ತು. ಅದನ್ನ ಹೇಳದೆ ಇದ್ದರೆ ನಷ್ಟ ಸಂಘಕ್ಕೇ.

ಮುಂದಿನ ಸಲ ನೋಟಿಸ್ ಬಂದಾಗ ಯಜಮಾನರಿಗೆ ಕೊಡೋ ಮೊದಲು ದಿನಾಂಕ ನಿಮ್ಮ ಕ್ಯಾಲೆಂಡರಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕದ ಪಕ್ಕದಲ್ಲೇ!