ರೇಷನ್ ಅಕ್ಕಿ ಯಾರದ್ದು: ಕೇಂದ್ರದ್ದೋ, ರಾಜ್ಯದ್ದೋ?

‘ರೇಷನ್ ಅಕ್ಕಿಯೆಲ್ಲ ಕೇಂದ್ರದ್ದು, ರಾಜ್ಯದ್ದು ಬರೀ ಹೆಸರು’ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ‘ಅನ್ನಭಾಗ್ಯವೆಲ್ಲ ರಾಜ್ಯದ್ದೇ’ ಎನ್ನುವುದೂ ಬರುತ್ತದೆ. ಎರಡೂ ಅರ್ಧ ಸತ್ಯ.

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ನಾಲ್ಕು ಜನರ ಬಿಪಿಎಲ್ ಕುಟುಂಬವೊಂದಿದೆ ಎಂದುಕೊಳ್ಳೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ತಲಾ 5 ಕೆಜಿ ಧಾನ್ಯ, ಅಂದರೆ ತಿಂಗಳಿಗೆ 20 ಕೆಜಿ, ಆ ಮನೆಯ ಹಕ್ಕು. ಧಾನ್ಯ ಒದಗಿಸುವುದು ಕೇಂದ್ರ. ಫಲಾನುಭವಿಗಳನ್ನು ಗುರುತಿಸಿ, ನ್ಯಾಯಬೆಲೆ ಅಂಗಡಿಯ ಮೂಲಕ ಹಂಚುವುದು ರಾಜ್ಯ. ಅಂತ್ಯೋದಯ ಕಾರ್ಡಿಗೆ ಮಾತ್ರ ಲೆಕ್ಕ ಬೇರೆ: ಮನೆಗೆ 35 ಕೆಜಿ.

ಈ 5 ಕೆಜಿಯ ಮೇಲೆ ಕೊಡುವುದು ರಾಜ್ಯದ ಯೋಜನೆ. ಅದರ ಖರ್ಚೂ ರಾಜ್ಯದ್ದೇ.

ಒಕ್ಕೂಟ ವ್ಯವಸ್ಥೆಯಿಂದ ಇಲ್ಲಿ ಲಾಭವೂ ಇದೆ, ತೊಡಕೂ ಇದೆ. ಮೊದಲು ಲಾಭ ನೋಡೋಣ. 1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆಜಿಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟಿತು. 2012ರಲ್ಲಿ ಛತ್ತೀಸಗಢ ತನ್ನದೇ ಆಹಾರ ಭದ್ರತಾ ಕಾನೂನು ಮಾಡಿತು. ಇಡೀ ದೇಶಕ್ಕೆ ಕಾಯ್ದೆ ಬಂದದ್ದು ಅದರ ನಂತರ. ಒಂದು ರಾಜ್ಯ ಮಾಡಿ ತೋರಿಸಿದ್ದನ್ನು ಉಳಿದವರೂ ಕೇಳುತ್ತಾರೆ.

ಇನ್ನು ತೊಡಕು. 2023ರಲ್ಲಿ ಕರ್ನಾಟಕ ಹೆಚ್ಚುವರಿ 5 ಕೆಜಿ ಘೋಷಿಸಿತು. ಹಣ ಕೊಟ್ಟು ಕೊಳ್ಳಲು ರಾಜ್ಯ ಸಿದ್ಧವಿತ್ತು. ಆದರೆ ಆ ಜೂನ್‌ನಲ್ಲಿ ಕೇಂದ್ರ, ಬೆಲೆಯೇರಿಕೆ ತಡೆಯುವ ಕಾರಣ ನೀಡಿ, ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಹಾಗಾಗಿ ರಾಜ್ಯ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ, ತಲಾ 170 ರೂಪಾಯಿ ಖಾತೆಗೆ ಹಾಕಿತು. ಹಣ ಹೋಗಿ ಮತ್ತೆ ಅಕ್ಕಿ ಬಂದದ್ದು 2025ರ ಫೆಬ್ರವರಿಯಲ್ಲಿ.

ಇದೆಲ್ಲ ತಿಳಿದು ನಮಗೇನು ಎನ್ನಬೇಡಿ. ಯೋಜನೆಯನ್ನು ಸರ್ಕಾರ ತನ್ನ ಆದೇಶದಿಂದ ಬದಲಿಸಬಹುದು. ಕಾಯ್ದೆಯನ್ನು ಬದಲಿಸಲು ಸಂಸತ್ತೇ ಬೇಕು. ಕಾಯ್ದೆಯ 5 ಕೆಜಿ ಸಿಗದಿದ್ದರೆ ರಾಜ್ಯ ಸರ್ಕಾರ ‘ಆಹಾರ ಭದ್ರತಾ ಭತ್ಯೆ’ ಕೊಡಬೇಕೆಂದು ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ‘ಮೇಲಿಂದಲೇ ಬಂದಿಲ್ಲ’ ಎಂಬ ಉತ್ತರ ಕೇಳಿ ಅಂಗಡಿಯಿಂದ ಸುಮ್ಮನೆ ಮರಳಬೇಕಿಲ್ಲ. ಆಹಾರ ಇಲಾಖೆಯ 1967 ಸಹಾಯವಾಣಿಗೆ ದೂರು ಕೊಡಬಹುದು.

ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಯಾವ 5 ಕೆಜಿ?